ಬಂಡೆಯ ಒಳಗಿದ್ದ ಅಪ್ಪ ಬಂಡೆ ಮೇಲೆ ನಿಂತಾಗ

'ದಿನಾ ಅರ್ಧ ಗಂಟೆಯಾದರೂ ನಡೀರಿ, ನಿಧಾನಕ್ಕೆ ನಡೆದರೂ ಪರವಾಗಿಲ್ಲ' ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. ಅಪ್ಪ ಮಾತ್ರ ಮನೆ ಮುಂದಿನ ಕಟ್ಟೆ ಬಿಟ್ಟು ಅಲ್ಲಾಡಿರಲಿಲ್ಲ. ಅವರಿಗೀಗ ಎಪ್ಪತ್ತೆರಡು. ಕೆಜಿಎಫ್ ಗಣಿಯಲ್ಲಿ ಭೂಮಿಯ ಕೆಳಗೆ ದುಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕೆಲಸ ಹೋಯಿತು, ಕೆಮ್ಮು ಮಾತ್ರ ಉಳಿಯಿತು. ನಾಲ್ಕು ಹೆಜ್ಜೆ ಜೋರಾಗಿ ಇಟ್ಟರೆ ಏದುಸಿರು. 'ನಡೆದು ಎಲ್ಲಿಗೆ ಹೋಗಬೇಕಮ್ಮ ನಾನು?' ಅನ್ನೋದು ಅವರ ಖಾಯಂ ಪ್ರಶ್ನೆ.

ಉತ್ತರ ಹುಡುಕಿದಾಗ ನನಗೆ ಹೊಳೆದದ್ದು ಕೋಲಾರದ ಬೆಟ್ಟ. ಶತಶೃಂಗ ಪರ್ವತ ಎಂದು ಪುರಾಣದ ಹೆಸರು. ಎಲ್ಲರಿಗೂ ಗೊತ್ತಿರೋದು ಅದರ ಮಗ್ಗುಲಲ್ಲಿರುವ ಅಂತರಗಂಗೆ, ಬಸವನ ಬಾಯಿಂದ ನೀರು ಬೀಳುವ ಜಾಗ. ಆದರೆ ಅಲ್ಲಿಗೆ ಮೆಟ್ಟಿಲು ಹತ್ತಬೇಕು. ಅಪ್ಪನ ಕೈಲಿ ಆಗದು. ಬೆಟ್ಟದ ನೆತ್ತಿ ಮಾತ್ರ ಬೇರೆ ಥರ. ಅಲ್ಲಿ ತೇರಹಳ್ಳಿ, ಶಿವಗಂಗೆ ಮುಂತಾದ ಊರುಗಳೇ ಇವೆ. ಊರಿದ್ದ ಮೇಲೆ ರಸ್ತೆ ಇದೆ, ಆಟೋ ಹೋಗುತ್ತದೆ. ಹತ್ತುವ ಕಷ್ಟ ಆಟೋಗೆ, ನಡೆಯುವ ಸುಖ ನಮಗೆ!

ಮಾರಿಕುಪ್ಪಂ ಕಡೆಯಿಂದ ಬರುವ ಬೆಳಗಿನ ರೈಲು ಹಿಡಿದು ಬಂಗಾರಪೇಟೆಯಲ್ಲಿ ಇಳಿದೆವು. ಅಲ್ಲಿಂದ ಕೋಲಾರಕ್ಕೆ ಬಸ್ಸು, ಸುಮಾರು ಹದಿನೈದು ಕಿಲೋಮೀಟರು. ಕೋಲಾರದಲ್ಲಿ ಆಟೋ ಮಾಡಿಕೊಂಡು ಬೆಟ್ಟದ ಮೇಲಿನ ಶಿವಗಂಗೆ ತಲುಪಿದೆವು. ಹುಣ್ಣಿಮೆ ಹಾಡಿಗೆ ಹೆಸರಾದ ಆದಿಮ ಸಾಂಸ್ಕೃತಿಕ ಕೇಂದ್ರ ಇರುವ ಊರು ಇದೇ.

ಊರಿನ ಅಂಚಿನಿಂದ ಕಾಲುದಾರಿ ಹಿಡಿದು, ರಾಗಿ ಹೊಲದ ಬದುವಿನ ಮೇಲೆ ಸಾಗಿ, ಬಂಡೆಗಳನ್ನು ಬಳಸಿಕೊಂಡು ಮತ್ತೆ ಊರಿಗೇ ಬರುವುದು ನಮ್ಮ ಲೆಕ್ಕ. ಹೆಚ್ಚೆಂದರೆ ಮೂರು ಕಿಲೋಮೀಟರು. ಬೆಟ್ಟದ ಮೇಲಿದ್ದೇವೆ ಅನ್ನೋದೇ ಮರೆತುಹೋಗುವಷ್ಟು ಬಯಲು. ಕುರುಚಲು ಗಿಡ, ಸೀತಾಫಲ, ಲಂಟಾನ ಪೊದೆ. ನಡುನಡುವೆ ಮನೆಯಷ್ಟು ದೊಡ್ಡ ಬಂಡೆಗಳು, ಒಂದರ ಮೇಲೊಂದು ಯಾರೋ ಕೂರಿಸಿಟ್ಟ ಹಾಗೆ.

ಯಾರೂ ಕೂರಿಸಿದ್ದಲ್ಲ. ಈ ಸೀಮೆಯ ಕಲ್ಲಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ನೆಲದೊಳಗೆ ಇರುವಾಗಲೇ ಗ್ರಾನೈಟಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ನೀರಿಳಿದು ಕಲ್ಲಿನ ಮೂಲೆಗಳು ಮೊದಲು ಸವೆಯುತ್ತವೆ. ಮೂಲೆ ಹೋದ ಮೇಲೆ ಉಳಿಯುವುದು ಗುಂಡು. ಸುತ್ತಲಿನ ಮಣ್ಣು ಮಳೆಗೆ ಕೊಚ್ಚಿಹೋದಾಗ ಗುಂಡುಗಳು ಹೊರಗೆ ಬರುತ್ತವೆ. ಆಮೇಲೂ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಸುಲಿಯುತ್ತಲೇ ಇರುತ್ತವೆ.

ನಾನು ಇದನ್ನೆಲ್ಲ ವಿವರಿಸುತ್ತಿದ್ದರೆ ಅಪ್ಪ ಬಂಡೆಯ ಮೈ ಸವರುತ್ತಾ ನಿಂತಿದ್ದರು. 'ಒಳಗಿನ ಕಲ್ಲು ಹಿಂಗಿರಲ್ಲ, ಕಪ್ಪಗಿರುತ್ತೆ. ಅದರ ಮಧ್ಯೆ ಬೆಣಚುಕಲ್ಲಿನ ಬಿಳಿ ಗೆರೆ. ಚಿನ್ನ ಇದ್ದರೆ ಆ ಗೆರೆಯಲ್ಲೇ' ಎಂದರು. ಮಾತು ನಿಜ. ಕೆಜಿಎಫ್‌ನ ಚಿನ್ನ ಸಿಕ್ಕಿದ್ದು ಕಪ್ಪು ಶಿಸ್ಟ್ ಶಿಲೆಯ ಕಿರಿದಾದ ಪಟ್ಟಿಯಲ್ಲಿ. ಅದರ ಎರಡೂ ಮಗ್ಗುಲಿಗೆ ಗ್ರಾನೈಟ್ ಜಾತಿಯ ಕಲ್ಲು. ಪುಸ್ತಕದಲ್ಲಿ ಓದಿ ನಾನು ತಿಳಿದದ್ದನ್ನು ಅಪ್ಪ ಕೈಯಿಂದಲೇ ತಿಳಿದಿದ್ದರು.

ಸ್ವಲ್ಪ ಮುಂದೆ ಒಂದು ಬಂಡೆ ಅರ್ಧಕ್ಕೆ ಸೀಳಿತ್ತು. ಅಂಚಿನುದ್ದಕ್ಕೂ ಉಳಿಯಿಂದ ಹೊಡೆದ ಸಾಲು ಗುಂಡಿಗಳು. ಅಪ್ಪ ಒಂದೊಂದರಲ್ಲೂ ಬೆರಳಿಟ್ಟು ನೋಡಿದರು. 'ಕೈಯಲ್ಲಿ ಹೊಡೆದಿದ್ದು. ಒಳ್ಳೆ ಕೆಲಸಗಾರ' ಎಂದರು. ಸ್ವಲ್ಪ ಹೊತ್ತು ಬಿಟ್ಟು, 'ಆದರೆ ತೆಗೆದ ಕಲ್ಲು ವಾಪಸ್ ಬೆಳೆಯಲ್ಲ ಕಣಮ್ಮ. ನಮ್ಮೂರಲ್ಲೂ ಅಷ್ಟೇ ತಾನೇ ಆಗಿದ್ದು' ಎಂದರು. ಬಂಡೆಯನ್ನು ಜಲ್ಲಿ ಎಂದೇ ನೋಡುವ ಕಾಲದಲ್ಲಿ ಈ ಮಾತು ಹೇಳಲು ಗಣಿಯಲ್ಲಿ ದುಡಿದವರೇ ಬೇಕಾಯಿತೇನೋ.

ಅರ್ಧ ದಾರಿಯಲ್ಲಿ ಅವರಿಗೆ ಉಸಿರು ಕಟ್ಟಿತು. ನನ್ನ ಎದೆ ಧಸಕ್ಕೆಂದಿತು. ಸುತ್ತು ದಾರಿಯ ತೊಡಕು ಇದೇ: ನಡುವೆ ನಿಂತರೆ ಹಿಂದಕ್ಕೂ ಅಷ್ಟೇ ದೂರ, ಮುಂದಕ್ಕೂ ಅಷ್ಟೇ ದೂರ. ಬಂಡೆಯ ನೆರಳಲ್ಲಿ ಕೂರಿಸಿ ನೀರು ಕೊಟ್ಟೆ. ಇಪ್ಪತ್ತು ನಿಮಿಷ ಇಬ್ಬರೂ ಸುಮ್ಮನೆ ಕೂತೆವು. ಕೆಳಗೆ ಕೋಲಾರದ ಮನೆಗಳು, ಕೆರೆ, ದೂರಕ್ಕೆ ಬಯಲು. 'ಮುಂದಕ್ಕೇ ಹೋಗೋಣ. ಬಂದ ದಾರೀನ ಮತ್ತೆ ಯಾರು ನೋಡ್ತಾರೆ' ಎಂದು ಅವರೇ ಎದ್ದರು.

ಕೊನೆಯಲ್ಲಿ ಚಪ್ಪಟೆಯಾದ, ಅಗಲವಾದ ಹಾಸುಬಂಡೆ. ಅದರ ಗುಳಿಯಲ್ಲಿ ಮಳೆನೀರು ನಿಂತಿತ್ತು. ಅಪ್ಪ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತರು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತಲೂ ಆಳ. ಕೆಳಗಿನ ಕಲ್ಲು ಕಾದಿರುತ್ತಿತ್ತು, ಗಾಳಿಯನ್ನು ತಂಪು ಮಾಡಿ ಕಳಿಸಬೇಕಿತ್ತು. 'ಅಷ್ಟು ವರ್ಷ ಕಲ್ಲು ನನ್ನ ತಲೆ ಮೇಲಿತ್ತು. ಯಾವಾಗ ಬೀಳುತ್ತೋ ಅಂತ ಕಿವಿ ಕೊಟ್ಟುಕೊಂಡೇ ಕೆಲಸ ಮಾಡ್ತಿದ್ವಿ. ಈಗ ನೋಡು, ಕಾಲ ಕೆಳಗಿದೆ' ಎಂದು ನಕ್ಕರು. ಆ ನಗು ನೋಡಿ ಎಷ್ಟು ದಿನವಾಗಿತ್ತೋ.

ನೀವೂ ಹೊರಡುವುದಾದರೆ ಕಾರ್ತಿಕದಿಂದ ಮಾಘದವರೆಗೆ ಒಳ್ಳೆಯ ಕಾಲ. ಬಿಸಿಲೇರುವ ಮೊದಲೇ ನಡಿಗೆ ಮುಗಿಸಿ. ಮಳೆ ಬಂದ ದಿನ ಬಂಡೆ ಜಾರುತ್ತದೆ, ಬೇಡ. ನೀರು ಜಾಸ್ತಿ ಇರಲಿ. ಅಂತರಗಂಗೆ ಕಡೆ ಕೋತಿಗಳಿವೆ, ತಿಂಡಿ ಕೈಯಲ್ಲಿ ಹಿಡಿಯಬೇಡಿ. ಬಂಡೆಗಳ ಸಂದಿನ ಗುಹೆಗಳಿಗೆ ದಾರಿ ಬಲ್ಲವರಿಲ್ಲದೆ ಇಳಿಯಬೇಡಿ. ಹೊಲದ ಬದು ತುಳಿಯುವ ಮುಂಚೆ ಅಲ್ಲಿದ್ದವರನ್ನು ಒಂದು ಮಾತು ಕೇಳಿ, ದಾರಿಯನ್ನೂ ಅವರೇ ತೋರಿಸುತ್ತಾರೆ. ಉಸಿರಾಟದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹೊರಡಬೇಡಿ. ನಾನು ಮಾಡಿದ ತಪ್ಪು ಅದೇ.

ವಾಪಸ್ ಬರುವಾಗ ಬಂಗಾರಪೇಟೆಯಲ್ಲಿ ಇಳಿದು, ನೀರಿನಂತೆ ತಿಳಿಯಾದ ಪಾನಿ ಹಾಕುವ ಇಲ್ಲಿನ ಪಾನಿಪುರಿ ತಿಂದೆವು. ನೋಡಲು ಸಾದಾ, ಬಾಯಿಗಿಟ್ಟರೆ ಖಾರ. ಅಪ್ಪ ಎರಡನೇ ಪ್ಲೇಟಿಗೆ ಕೈ ಚಾಚುತ್ತಾ, 'ಮುಂದಿನ ಸಲ ಆ ಮೆಟ್ಟಿಲು ಒಂದು ಹತ್ತಾದರೂ ಹತ್ತೋಣ' ಎಂದರು. ಈ ಸಲ ಡಾಕ್ಟರನ್ನು ಮೊದಲೇ ಕೇಳಿದ್ದೇನೆ. ಹತ್ತೇ ಮೆಟ್ಟಿಲು, ಮಧ್ಯೆ ಒಮ್ಮೆ ಕೂತು ಎಂದಿದ್ದಾರೆ.