ಬೆಕ್ಕಿನ ಕಿವಿ, ಮನುಷ್ಯರ ಮೀಟರ್

ಬೀದರ್ ನಗರದ ನಂದಿನಗರದಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಇಡೀ ರಾಜ್ಯದ ಪಶುವೈದ್ಯ ಶಿಕ್ಷಣಕ್ಕೆ ಅದೇ ಕೇಂದ್ರ. ಆದರೆ ಈ ಸೀಮೆಯಲ್ಲಿ ಪಶುವೈದ್ಯ ಎಂದರೆ ಜನರ ಕಣ್ಣ ಮುಂದೆ ಬರುವುದು ದೇವಣಿ ಎತ್ತು, ಎಮ್ಮೆ, ಉಸ್ಮಾನಾಬಾದಿ ಆಡು. ಭಾಲ್ಕಿಯಲ್ಲೋ ಔರಾದಿನಲ್ಲೋ ಮೆಡಿಕಲ್ ಅಂಗಡಿಗೆ ಹೋಗಿ “ಬೆಕ್ಕಿಗಿ ಶುಗರ್ ಆಗ್ಯಾದ್ರಿ, ಮಶೀನ್ ಯಾವುದು ಒಯ್ಯಲಿ?” ಎಂದು ಕೇಳಿದರೆ ಅಂಗಡಿಯವರು ಮೊದಲು ನಗುತ್ತಾರೆ. ಆಮೇಲೆ ಮನುಷ್ಯರ ಗ್ಲುಕೋಮೀಟರ್ ಒಂದನ್ನು ತೆಗೆದು ಕೌಂಟರ್ ಮೇಲಿಡುತ್ತಾರೆ. ನಗುವ ಮಾತಲ್ಲ ಇದು. ಆದರೆ ಅವರು ತೆಗೆದಿಟ್ಟ ಮೀಟರ್ ಮಾತ್ರ ಪೂರ್ತಿ ತಪ್ಪು ಆಯ್ಕೆಯಲ್ಲ.

ಬೆಕ್ಕಿಗೆ ಬರುವ ಸಕ್ಕರೆ ಕಾಯಿಲೆ ನಮ್ಮ ನಡುವಯಸ್ಸಿನವರ ಟೈಪ್ 2 ಮಧುಮೇಹವನ್ನೇ ಹೋಲುತ್ತದೆ. ಮೈ ಬೆಳೆಸಿಕೊಂಡ, ಮನೆಯೊಳಗೇ ಬಿದ್ದಿರುವ, ಬೀಜ ತೆಗೆಸಿದ, ಏಳೆಂಟು ವರ್ಷ ದಾಟಿದ ಗಂಡುಬೆಕ್ಕಿಗೆ ಅಪಾಯ ಹೆಚ್ಚು. ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕೋಶಗಳ ಸುತ್ತ ಅಮಿಲಾಯ್ಡ್ ಎಂಬ ಪ್ರೋಟೀನು ಶೇಖರವಾಗುವುದು ಮನುಷ್ಯರಲ್ಲೂ ಉಂಟು, ಬೆಕ್ಕಿನಲ್ಲೂ ಉಂಟು. ತುರಿಕೆಗೋ ದಮ್ಮಿಗೋ ತಿಂಗಳುಗಟ್ಟಲೆ ಸ್ಟಿರಾಯ್ಡ್ ಕೊಟ್ಟಿದ್ದರೂ ಶುಗರ್ ಏರಬಹುದು. ಬೆಕ್ಕು ಹುಟ್ಟಾ ಮಾಂಸಾಹಾರಿ. ಅದರ ಯಕೃತ್ತು ಪಿಷ್ಟದ ಊಟಕ್ಕೆ ಹೇಳಿ ಮಾಡಿಸಿದ್ದಲ್ಲ. ಹಾಲಿನಲ್ಲಿ ನೆನೆಸಿದ ರೊಟ್ಟಿ, ಅನ್ನ, ಪೊಟ್ಟಣದ ಒಣ ಆಹಾರವನ್ನೇ ಹೊತ್ತುಹೊತ್ತಿಗೆ ಸುರಿಯುವ ಮನೆಯವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಕಾಯಿಲೆಯ ಸುಳಿವು ಗುರುತಿಸುವುದು ಕಷ್ಟವಲ್ಲ. ಬೆಕ್ಕು ನೀರಿನ ಬಟ್ಟಲು ಬಿಟ್ಟು ಏಳುವುದಿಲ್ಲ, ಉಚ್ಚೆ ವಿಪರೀತ, ತಿಂದರೂ ಸೊರಗುತ್ತದೆ. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 250ರಿಂದ 290 ಮಿಲಿಗ್ರಾಂ ದಾಟಿದಾಗ ಮೂತ್ರಪಿಂಡ ಅದನ್ನು ತಡೆಯಲಾರದೆ ಹೊರಗೆ ಬಿಡುತ್ತದೆ. ಮನುಷ್ಯರಲ್ಲಿ ಈ ಗಡಿ 180ರ ಹತ್ತಿರ. ಉಚ್ಚೆ ಹೊಯ್ದ ಮರಳಿಗೆ ಇರುವೆ ಮುತ್ತುವುದನ್ನು ಕಂಡವರಿದ್ದಾರೆ. ಕಾಯಿಲೆ ಹಳೆಯದಾದರೆ ಹಿಂಗಾಲಿನ ನರ ಸೋತು, ಬೆರಳ ತುದಿಯಲ್ಲಿ ನಡೆಯಬೇಕಾದ ಪ್ರಾಣಿ ಹಿಮ್ಮಡಿ ನೆಲಕ್ಕೂರಿ ನಡೆಯುತ್ತದೆ.

ಈಗ ಮೀಟರಿನ ಒಳಗನ್ನು ನೋಡೋಣ. ಅಳತೆಯ ಕೆಲಸವೆಲ್ಲ ನಡೆಯುವುದು ಪಟ್ಟಿಯಲ್ಲಿ, ಅಂದರೆ ಸ್ಟ್ರಿಪ್ಪಿನಲ್ಲಿ. ಮೀಟರ್ ಬರೀ ಎಣಿಸುವ ಗುಮಾಸ್ತ. ಪಟ್ಟಿಯ ತುದಿಯಲ್ಲಿ ಒಂದು ಕಿಣ್ವ ಒಣಗಿ ಕೂತಿರುತ್ತದೆ. ಕೆಲವು ಕಂಪನಿಗಳು ಬಳಸುವುದು ಗ್ಲುಕೋಸ್ ಆಕ್ಸಿಡೇಸ್; ಅದನ್ನು ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟಿನಿಂದ ಪಡೆಯುತ್ತಾರೆ. ಉಳಿದವು ಗ್ಲುಕೋಸ್ ಡಿಹೈಡ್ರೋಜಿನೇಸ್ ಬಳಸುತ್ತವೆ. ರಕ್ತದ ಹನಿ ತಾಗಿದೊಡನೆ ಕಿಣ್ವವು ಗ್ಲುಕೋಸಿನಿಂದ ಎಲೆಕ್ಟ್ರಾನುಗಳನ್ನು ಕಿತ್ತು ವಿದ್ಯುದ್ವಾರಕ್ಕೆ ದಾಟಿಸುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ವಿದ್ಯುತ್ ಹೆಚ್ಚು. ಲೀಲಂಡ್ ಕ್ಲಾರ್ಕ್ ಎಂಬ ಅಮೆರಿಕದ ವಿಜ್ಞಾನಿ 1962ರಲ್ಲಿ ಮುಂದಿಟ್ಟ ಕಿಣ್ವ ವಿದ್ಯುದ್ವಾರದ ಕಲ್ಪನೆಯೇ ಇದರ ಮೂಲ. 1970ರ ಸುಮಾರಿಗೆ ಬಂದ ಮೊದಲ ಮೀಟರು ವಿದ್ಯುತ್ತನ್ನಲ್ಲ, ಪಟ್ಟಿಯ ಬಣ್ಣವನ್ನು ಓದುತ್ತಿತ್ತು, ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತಿತ್ತು.

ತೊಡಕಿರುವುದು ಯಂತ್ರದಲ್ಲಲ್ಲ, ರಕ್ತದಲ್ಲಿ. ಮನುಷ್ಯರ ಕೆಂಪು ರಕ್ತಕಣದ ಗೋಡೆಯಲ್ಲಿ ಗ್ಲುಟ್-1 ಎಂಬ ಸಾಗಣೆ ಪ್ರೋಟೀನು ದಂಡಿಯಾಗಿದೆ. ಹಾಗಾಗಿ ಸಕ್ಕರೆ ಕಣದ ಒಳಕ್ಕೂ ಹೊರಕ್ಕೂ ಸಲೀಸಾಗಿ ಹರಿಯುತ್ತದೆ. ನಮ್ಮ ರಕ್ತದ ಗ್ಲುಕೋಸಿನಲ್ಲಿ ಶೇಕಡಾ 42ರಷ್ಟು ಕಣಗಳೊಳಗೆ, 58ರಷ್ಟು ಪ್ಲಾಸ್ಮಾದಲ್ಲಿ ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಕೊಡುವ ಲೆಕ್ಕ. ಬೆಕ್ಕಿನಲ್ಲಿ ಕಣಗಳ ಪಾಲು 7, ಪ್ಲಾಸ್ಮಾದ ಪಾಲು 93. ನಾಯಿಯದು ನಡುವೆ ಎಲ್ಲೋ, ಆದರೆ ಬೆಕ್ಕಿನ ಕಡೆಗೇ ಹೆಚ್ಚು ವಾಲಿದೆ. ಯಾಕೆ ಈ ವ್ಯತ್ಯಾಸ? 2008ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇದನ್ನು ವಿಟಮಿನ್ ಸಿ ಜೊತೆ ಬೆಸೆದಿದೆ. ಮನುಷ್ಯ, ಗಿನಿ ಹಂದಿ, ಹಣ್ಣು ತಿನ್ನುವ ಬಾವಲಿಯಂಥ ಕೆಲವೇ ಪ್ರಾಣಿಗಳು ವಿಟಮಿನ್ ಸಿಯನ್ನು ದೇಹದಲ್ಲಿ ತಯಾರಿಸಲಾರವು. ಬಳಸಿ ಬಿಟ್ಟ ವಿಟಮಿನ್ನನ್ನು ರಕ್ತಕಣದೊಳಕ್ಕೆ ಎಳೆದು ಮತ್ತೆ ಹೊಸತು ಮಾಡಿಕೊಳ್ಳಲು ಅವಕ್ಕೆ ಇದೇ ಗ್ಲುಟ್-1 ಬೇಕು. ಬೆಕ್ಕು ತನಗೆ ಬೇಕಾದ ವಿಟಮಿನ್ ಸಿಯನ್ನು ತಾನೇ ಮಾಡಿಕೊಳ್ಳುತ್ತದೆ. ನಿಂಬೆಹುಳಿ ಬೇಡದ ಪ್ರಾಣಿಗೆ ಈ ಬಾಗಿಲೂ ಬೇಕಾಗಿಲ್ಲ ಎನ್ನಬಹುದು.

ಮೀಟರ್ ಕಂಪನಿಗಳು ಮನುಷ್ಯರ ರಕ್ತಕ್ಕೆ ತಕ್ಕಂತೆ ಸೂತ್ರ ಬರೆದಿರುತ್ತವೆ. ಪ್ರಯೋಗಾಲಯಗಳು ಸಕ್ಕರೆ ಅಳೆಯುವುದು ಪ್ಲಾಸ್ಮಾದಲ್ಲಿ, ಬೆರಳಿನಿಂದ ಬರುವುದು ಇಡಿ ರಕ್ತ. ಎರಡನ್ನೂ ಹೊಂದಿಸಲು ಸುಮಾರು 1.11ರಿಂದ ಗುಣಿಸುವುದು ವಾಡಿಕೆ. ಬೆಕ್ಕಿಗೆ ಇದು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಕಾಗದದ ಮೇಲೆ ನೋಡಬಹುದು. ಪ್ಲಾಸ್ಮಾದಲ್ಲಿ 300 ಇದೆ ಎನ್ನಿ. ರಕ್ತದಲ್ಲಿ ನೂರಕ್ಕೆ 35 ಪಾಲು ಕಣ, 65 ಪಾಲು ಪ್ಲಾಸ್ಮಾ. ಕಣದೊಳಗಿನ ಚೂರುಪಾರು ಸಕ್ಕರೆ ಸೇರಿಸಿದರೂ ಇಡಿ ರಕ್ತದ ಲೆಕ್ಕ 210ರ ಹತ್ತಿರ. ಅದನ್ನು 1.11ರಿಂದ ಗುಣಿಸಿದರೆ 233. ನಿಜ 300, ಪರದೆಯ ಮೇಲೆ 233. ಪ್ರತಿಯೊಂದು ಮೀಟರೂ ಹೀಗೇ ನಡೆದುಕೊಳ್ಳುತ್ತದೆ ಎಂದಲ್ಲ, ಕಂಪನಿಯಿಂದ ಕಂಪನಿಗೆ ಇದು ಬೇರೆಯಾಗುತ್ತದೆ. ಆದರೆ ಮನುಷ್ಯರ ಮೀಟರುಗಳು ಬೆಕ್ಕಿನಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆಯನ್ನೇ ತೋರಿಸುತ್ತವೆ.

ಒಂದೇ ದಿಕ್ಕಿಗೆ ತಪ್ಪುವ ಯಂತ್ರದೊಡನೆ ಬದುಕುವುದು ಸಾಧ್ಯ. ಇನ್ಸುಲಿನ್ ಪಡೆಯುವ ಬೆಕ್ಕನ್ನು ಗಂಟೆಗಳೊಳಗೆ ಕೊಲ್ಲಬಲ್ಲದ್ದು ಸಕ್ಕರೆ ಏರುವುದಲ್ಲ, ಪಾತಾಳಕ್ಕೆ ಇಳಿಯುವುದು. ಕಡಿಮೆ ತೋರಿಸುವ ಮೀಟರು ಅಷ್ಟರ ಮಟ್ಟಿಗೆ ಬೇಗ ಎಚ್ಚರಿಸುತ್ತದೆ. ಬೆಕ್ಕು-ನಾಯಿಗಳಿಗೆಂದೇ ತಯಾರಾದ ಆಲ್ಫಾಟ್ರ್ಯಾಕ್‌ನಂಥ ಮೀಟರು ಪ್ರಯೋಗಾಲಯದ ಅಂಕಿಗೆ ಹೆಚ್ಚು ಹತ್ತಿರ ಬರುತ್ತದೆ, 0.3 ಮೈಕ್ರೋಲೀಟರ್ ರಕ್ತ ಅದಕ್ಕೆ ಸಾಕು. ಹೈದರಾಬಾದಿಗೆ ಹೋಗಿಬರುವವರು, ಆನ್‌ಲೈನಿನಲ್ಲಿ ದುಡ್ಡು ಸುರಿಯಬಲ್ಲವರು ಅದನ್ನೇ ಕೊಳ್ಳಲಿ. ಆದರೆ ಔರಾದಿನಲ್ಲಿ ಶನಿವಾರ ರಾತ್ರಿ ಪಟ್ಟಿ ಮುಗಿದರೆ ಭಾನುವಾರ ಬೆಳಗಿನ ಸೂಜಿಗೆ ಮೊದಲು ಎಲ್ಲಿಂದ ತರುವುದು? ಪಟ್ಟಿಯಿಲ್ಲದ ಒಳ್ಳೆಯ ಮೀಟರಿಗಿಂತ ಪಟ್ಟಿಯಿರುವ ಸಾಧಾರಣ ಮೀಟರೇ ಮೇಲು ಎಂಬುದು ನನ್ನ ಪಕ್ಷ. ಮೊದಲು ಊರಿನ ಎರಡು ಅಂಗಡಿಗಳಲ್ಲಿ ಯಾವ ಪಟ್ಟಿ ಸದಾ ಇರುತ್ತದೆ ಎಂದು ವಿಚಾರಿಸಿ, ಆಮೇಲೆ ಅದಕ್ಕೆ ಹೊಂದುವ ಮೀಟರ್ ಕೊಳ್ಳಿ. ಖರ್ಚೂ ಪಟ್ಟಿಯದೇ. ಒಂದಕ್ಕೆ ಹತ್ತರಿಂದ ಇಪ್ಪತ್ತೈದು ರೂಪಾಯಿ ಆಸುಪಾಸು ಎಂದರೂ, ಎರಡೆರಡು ಗಂಟೆಗೊಮ್ಮೆ ಹನ್ನೆರಡು ಗಂಟೆ ಅಳೆದು ಇನ್ಸುಲಿನ್ ಹೇಗೆ ಕೆಲಸ ಮಾಡುತ್ತಿದೆ ಎಂದು ನೋಡುವ ದಿನ ಆರೇಳು ಪಟ್ಟಿ ಖಾಲಿ.

ಸಿಗುವ ಮೀಟರುಗಳಲ್ಲೂ ಆರಿಸಲು ಅವಕಾಶವಿದೆ, ಮೊದಲು ನೋಡಬೇಕಾದ್ದು ಹನಿಯ ಗಾತ್ರ. ಅಕ್ಯು-ಚೆಕ್ ಆಕ್ಟಿವ್ ಎಂಬ ಹಳೆಯ ಮಾದರಿಗೆ 1ರಿಂದ 2 ಮೈಕ್ರೋಲೀಟರ್ ಬೇಕು. ಬೆಕ್ಕಿನ ಕಿವಿಯಿಂದ ಅಷ್ಟು ಬರಿಸುವಷ್ಟರಲ್ಲಿ ಬೆಕ್ಕು ಕಪಾಟಿನ ಮೇಲಿರುತ್ತದೆ. ಕಾಂಟೂರ್ ಪ್ಲಸ್, ಅಕ್ಯು-ಚೆಕ್ ಇನ್‌ಸ್ಟಂಟ್‌ನಂಥವಕ್ಕೆ 0.6 ಸಾಕು. ಕಾಂಟೂರ್ ಪ್ಲಸ್‌ನಲ್ಲಿ ಹನಿ ಸಾಲದೆ ಬಿದ್ದರೆ ಕೆಲವು ಸೆಕೆಂಡುಗಳೊಳಗೆ ಅದೇ ಪಟ್ಟಿಗೆ ಇನ್ನಷ್ಟು ರಕ್ತ ತಾಗಿಸಬಹುದು. ಒದ್ದಾಡುವ ರೋಗಿಗೆ ಇದು ದೊಡ್ಡ ಸೌಲಭ್ಯ. ವಿದೇಶದಿಂದ ನೆಂಟರು ತಂದುಕೊಟ್ಟ ಮೀಟರಾದರೆ ಅಂಕಿ ಮಿಲಿಮೋಲಿನಲ್ಲಿ ಇದೆಯೇ ನೋಡಿ. ಅಲ್ಲಿಯ 5 ಅಂದರೆ ಇಲ್ಲಿಯ 90, ಹದಿನೆಂಟರಿಂದ ಗುಣಿಸಬೇಕು. ಅದರ ಪಟ್ಟಿಗೂ ನೆಂಟರನ್ನೇ ಕಾಯಬೇಕಾದೀತು.

ಮನುಷ್ಯರ ಮೀಟರಿಗೆ ಅಂತರರಾಷ್ಟ್ರೀಯ ಮಾನದಂಡವಿದೆ: ಐಎಸ್ಒ 15197. ಅದರ 2013ರ ಆವೃತ್ತಿಯ ಪ್ರಕಾರ ನೂರರಲ್ಲಿ 95 ಅಳತೆಗಳು, 100ರ ಕೆಳಗಾದರೆ 15 ಮಿಲಿಗ್ರಾಂ, ಮೇಲಾದರೆ ಶೇಕಡಾ 15ರ ಅಂತರದೊಳಗೆ ಬೀಳಬೇಕು. ಅಂದರೆ ಬೆಳಿಗ್ಗೆ 212, ಮರುದಿನ 236 ಬಂದರೆ ಯಂತ್ರದ ಪಾಲಿಗೆ ಎರಡೂ ಒಂದೇ. ಇದನ್ನು ತಿಳಿಯದೆ ದಿನಕ್ಕೊಂದು ಪ್ರಮಾಣದ ಇನ್ಸುಲಿನ್ ಏರಿಸಿ ಇಳಿಸಿ ಬೆಕ್ಕನ್ನು ಹೈರಾಣು ಮಾಡುವವರುಂಟು. ಎರಡು ಮೀಟರುಗಳಿಂದ ಅಳೆದು ಜಗಳ ಹಚ್ಚುವುದೂ ಬೇಡ. ಒಂದನ್ನು ಹಿಡಿದರೆ ಅದನ್ನೇ ಹಿಡಿಯಿರಿ, ಅಂಕಿಯ ಮುಂದೆ ಹೊತ್ತು, ಊಟ, ಸೂಜಿ ಬರೆಯಿರಿ. ಏನಿದ್ದರೂ ವೈದ್ಯರು ಓದುವುದು ಇಡೀ ವಾರದ ಏರಿಳಿತವನ್ನು.

ಬೀದರಿನ ಹವೆ ಪಟ್ಟಿಯ ವೈರಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿದು, ಡಿಸೆಂಬರ್-ಜನವರಿಯ ಬೆಳಗಿನಲ್ಲಿ ರಾಜ್ಯದಲ್ಲೇ ಅತಿ ತಣ್ಣನೆಯ ಊರುಗಳ ಪಟ್ಟಿಯಲ್ಲಿ ಆಗಾಗ ಕಾಣಿಸಿಕೊಳ್ಳುವ ಊರೂ ಹೌದು. ಸಾಮಾನ್ಯ ಪಟ್ಟಿಗಳನ್ನು 30 ಡಿಗ್ರಿಯ ಒಳಗೆ ಇಡಬೇಕು. ತಗಡಿನ ಛಾವಣಿಯ ಕೋಣೆ, ಬೈಕಿನ ಡಿಕ್ಕಿ ನಿಷಿದ್ಧ. ಫ್ರಿಜ್ಜಿನಲ್ಲಿಟ್ಟರೆ ಹೊರತೆಗೆದಾಗ ತೇವ ಕಟ್ಟುತ್ತದೆ. ಡಬ್ಬಿಯ ಮೇಲೆ ಏನು ಬರೆದಿದೆಯೋ ಹಾಗೆ ಮಾಡಿ. ಮುಚ್ಚಳ ತೆರೆದ ಮೇಲೆ ಎಷ್ಟು ತಿಂಗಳು ಬಾಳುತ್ತದೆ ಎಂಬುದನ್ನೂ ಅಲ್ಲೇ ಬರೆದಿರುತ್ತಾರೆ, ಯಾರೂ ಓದುವುದಿಲ್ಲ.

ಚಳಿಗಾಲದ ಬೆಳಗಿನಲ್ಲಿ ಬೆಕ್ಕಿನ ಕಿವಿ ತಣ್ಣಗಿರುತ್ತದೆ, ರಕ್ತ ಹೊರಡುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅರೆ ನಿಮಿಷ ಹಿಡಿದರೆ ಅಂಚಿನ ರಕ್ತನಾಳ ಉಬ್ಬುತ್ತದೆ. ಆ ರಕ್ತನಾಳ ಮತ್ತು ಕಿವಿಯ ಅಂಚಿನ ನಡುವಿನ ಕಿರಿದಾದ ಜಾಗಕ್ಕೆ ಚುಚ್ಚಬೇಕು, ರಕ್ತನಾಳಕ್ಕೇ ಅಲ್ಲ. ಕೂದಲ ಮೇಲೆ ತೆಳುವಾಗಿ ವ್ಯಾಸಲಿನ್ ಸವರಿದರೆ ಹನಿ ಹರಡದೆ ಗುಂಡಗೆ ನಿಲ್ಲುತ್ತದೆ, ಹಿಂದೆ ಹತ್ತಿ ಹಿಡಿದರೆ ನಿಮ್ಮ ಬೆರಳು ಉಳಿಯುತ್ತದೆ. ಕಿವಿಯಂಚಿನ ಹನಿಯಿಂದ ಬೆಕ್ಕು-ನಾಯಿಗಳ ಸಕ್ಕರೆ ಅಳೆಯಬಹುದೆಂದು ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದ ಪಶುವೈದ್ಯರು 2000ರ ಸುಮಾರಿಗೆ ತೋರಿಸಿಕೊಟ್ಟ ಮೇಲೆಯೇ ಮನೆಯ ಅಳತೆ ಚಾಲ್ತಿಗೆ ಬಂದದ್ದು.

ಮನೆಯಲ್ಲೇ ಅಳೆಯಬೇಕೆಂದು ಹಟ ಹಿಡಿಯಲು ಇನ್ನೊಂದು ಕಾರಣವಿದೆ. ಬೆಕ್ಕನ್ನು ಚೀಲದಲ್ಲಿ ಹಾಕಿ, ಔರಾದಿನಿಂದ ಬೀದರಿಗೆ ಬಸ್ಸಿನಲ್ಲಿ ತಂದು, ನಾಯಿ ಬೊಗಳುವ ಆಸ್ಪತ್ರೆಯಲ್ಲಿ ಕಾಲು ಹಿಡಿದು ರಕ್ತ ತೆಗೆದರೆ ಭಯ ಮತ್ತು ಒದ್ದಾಟದಿಂದಲೇ ಸಕ್ಕರೆ ಏರಿಬಿಡುತ್ತದೆ. ಆರೋಗ್ಯವಂತ ಬೆಕ್ಕೂ ಆ ಗಳಿಗೆಯಲ್ಲಿ ಮಧುಮೇಹಿಯಂತೆ ಕಾಣಬಹುದು. ಅದಕ್ಕೇ ವೈದ್ಯರು ಕಾಯಿಲೆ ಖಚಿತಪಡಿಸಲು ಫ್ರಕ್ಟೋಸಮೀನ್ ಪರೀಕ್ಷೆ ಬರೆಯುತ್ತಾರೆ. ಅದು ಹಿಂದಿನ ಒಂದೆರಡು ವಾರಗಳ ಸರಾಸರಿ ಹೇಳುತ್ತದೆ, ಬಸ್ಸಿನ ಭಯ ಅದಕ್ಕೆ ತಾಗುವುದಿಲ್ಲ.

ಆದರೂ ನಂದಿನಗರದ ಕಾಲೇಜು ಆಸ್ಪತ್ರೆಗೆ ಹೋಗುವ ದಿನ ನಿಮ್ಮ ಮೀಟರನ್ನು ಜೊತೆಗೊಯ್ಯಿರಿ. ಪ್ರಯೋಗಾಲಯಕ್ಕೆ ರಕ್ತ ತೆಗೆಯುವಾಗಲೇ ಅದರಿಂದ ಒಂದು ಹನಿ ನಿಮ್ಮ ಪಟ್ಟಿಗೂ ತಾಗಿಸಲು ಕೇಳಿ. ಎರಡು ಅಂಕಿಗಳ ಅಂತರವೇ ನಿಮ್ಮ ಬೆಕ್ಕಿನ ಮಟ್ಟಿಗೆ ನಿಮ್ಮ ಮೀಟರಿನ ತಪ್ಪು. ಭಾಲ್ಕಿಯಲ್ಲಿ ತೆಗೆದ ರಕ್ತವನ್ನು ಬೀದರಿಗೆ ಕಳಿಸುವುದಾದರೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬೇ ಆಗಬೇಕು. ಇಲ್ಲದಿದ್ದರೆ ರಕ್ತಕಣಗಳು ದಾರಿಯುದ್ದಕ್ಕೂ ಸಕ್ಕರೆ ತಿನ್ನುತ್ತಲೇ ಬರುತ್ತವೆ. ಮನುಷ್ಯರ ರಕ್ತದಲ್ಲಿ ಗಂಟೆಗೆ ಶೇಕಡಾ 5ರಿಂದ 7ರಷ್ಟು ಕರಗುತ್ತದೆ. ಬೆಕ್ಕಿಗೆ ರಕ್ತಹೀನತೆ ಇದ್ದರೆ ಮೀಟರು ನಿಜಕ್ಕಿಂತ ಹೆಚ್ಚು ತೋರಿಸಬಹುದು, ಆಗ ಮೇಲೆ ಹೇಳಿದ ಸುರಕ್ಷತೆಯ ಲೆಕ್ಕ ತಿರುಗುಮುರುಗು. ಕಣಗಳ ಪ್ರಮಾಣವನ್ನೂ ಅದೇ ದಿನ ನೋಡಿಸಿ.

ಚರ್ಮಕ್ಕೆ ಅಂಟಿಸುವ ಫ್ರೀಸ್ಟೈಲ್ ಲಿಬ್ರೆ ಸೆನ್ಸರನ್ನು ಬೆಕ್ಕುಗಳಿಗೂ ಹಚ್ಚುತ್ತಾರೆ. ಅದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು ಓದುತ್ತದೆ. ಮನುಷ್ಯರ ಮೇಲೆ 14 ದಿನ ಇರುವುದು, ಬೆಕ್ಕಿನ ಮೇಲೆ ಅದಕ್ಕೂ ಮೊದಲೇ ಕಿತ್ತುಬರುವುದೇ ಹೆಚ್ಚು. ಮೊದಲ ವಾರಗಳಲ್ಲಿ ಪ್ರಮಾಣ ಗೊತ್ತುಮಾಡಲು ಚೆನ್ನ, ವರ್ಷವಿಡೀ ಬಳಸಲು ದುಬಾರಿ.

ಮೀಟರಿಗಿಂತ ದೊಡ್ಡ ಅಪಾಯ ಸಿರಿಂಜಿನಲ್ಲಿದೆ, ಅದನ್ನು ಹೇಳದೆ ಮುಗಿಸಲಾರೆ. ನಮ್ಮ ದೇಶದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ: ಮಿಲಿಲೀಟರಿಗೆ 40 ಯೂನಿಟ್, ಮತ್ತು 100 ಯೂನಿಟ್. ಬೆಕ್ಕಿಗೆ ಹೆಚ್ಚಾಗಿ ಬರೆಯುವ ಗ್ಲಾರ್ಜಿನ್ ಎಂಬ ಇನ್ಸುಲಿನ್ 100ರದು. ಅದನ್ನು ಕಿತ್ತಳೆ ಮುಚ್ಚಳದ 100ರ ಸಿರಿಂಜಿನಲ್ಲೇ ಎಳೆಯಬೇಕು. ಕೆಂಪು ಮುಚ್ಚಳದ 40ರ ಸಿರಿಂಜಿನಲ್ಲಿ ಒಂದು ಗೆರೆ ಎಳೆದರೆ ಒಳಗೆ ಹೋಗುವುದು ಎರಡೂವರೆ ಯೂನಿಟ್. ನಾಲ್ಕು ಕಿಲೋ ತೂಗುವ ಪ್ರಾಣಿಗೆ ಆ ವ್ಯತ್ಯಾಸ ಪ್ರಾಣಾಂತಿಕವಾಗಬಹುದು. ಬೆಕ್ಕು ತೂರಾಡಿದರೆ, ಮಂಕಾದರೆ, ಸೆಳೆತ ಬಂದರೆ ಮೀಟರ್ ಹುಡುಕುತ್ತ ಕೂರಬೇಡಿ; ಜೇನುತುಪ್ಪವನ್ನೋ ಗ್ಲುಕೋಸ್ ನೀರನ್ನೋ ಒಸಡಿಗೆ ಸವರಿ ವೈದ್ಯರಿಗೆ ಫೋನ್ ಮಾಡಿ. ಅದಕ್ಕೆ ವಿರುದ್ಧವಾಗಿ, ಅಂಕಿ ಮೇಲಿದ್ದು ಬೆಕ್ಕು ಅನ್ನ-ನೀರು ಬಿಟ್ಟು ವಾಂತಿ ಮಾಡುತ್ತಿದ್ದರೆ ಮೂತ್ರದಲ್ಲಿ ಕೀಟೋನ್ ಇದೆಯೇ ಎಂದು ಅದೇ ದಿನ ನೋಡಿಸಬೇಕು.

ಬೇಗ ಚಿಕಿತ್ಸೆ ಶುರುವಾದ, ಪಿಷ್ಟ ಕಡಿಮೆ ಮಾಡಿ ಮಾಂಸದ ಊಟಕ್ಕೆ ತಿರುಗಿದ ಬೆಕ್ಕುಗಳಲ್ಲಿ ಕೆಲವಕ್ಕೆ ತಿಂಗಳುಗಳಲ್ಲಿ ಇನ್ಸುಲಿನ್ನೇ ಬೇಡವಾಗುತ್ತದೆ. ನಾಯಿಗಳಲ್ಲಿ ಇದು ಅಪರೂಪ. ಹಾಗಾದಾಗಲೂ ಮೀಟರನ್ನು ಅಟ್ಟಕ್ಕೆ ಹಾಕಬೇಡಿ, ಕಾಯಿಲೆ ಮರಳಬಹುದು. ವಾರಕ್ಕೊಮ್ಮೆ ಒಂದು ಹನಿ ಸಾಕು. ಇನ್ನು ಮನೆಯ ಅಜ್ಜಿಯ ಮೀಟರನ್ನೇ ಬೆಕ್ಕಿಗೂ ಬಳಸಬಹುದೇ ಎಂದು ಕೇಳುವವರಿಗೆ ಉತ್ತರ: ಯಂತ್ರ ಬಳಸಬಹುದು, ಸೂಜಿ ಬಳಸಬಾರದು. ಆದರೆ ಮೀಟರಿನ ನೆನಪಿನಲ್ಲಿ ಇಬ್ಬರ ಅಂಕಿಗಳೂ ಕಲೆತು, ಅಜ್ಜಿಯ ಡಾಕ್ಟರು ಪರದೆಯ ಸರಾಸರಿ ನೋಡಿ ಅವರ ಗುಳಿಗೆ ಬದಲಿಸಿಬಿಟ್ಟಾರು. ಎರಡನೆಯ ಮೀಟರ್ ಕೊಳ್ಳಿ, ಅದೇ ಕಂಪನಿಯ ಅದೇ ಮಾದರಿಯದೇ ಇರಲಿ. ಪಟ್ಟಿಯ ಡಬ್ಬಿ ಒಂದೇ ಆದರೆ ತೆರೆದ ಮೇಲೆ ಹಾಳಾಗುವ ಮೊದಲೇ ಖರ್ಚಾಗುತ್ತದೆ.