ಹವ್ಯಾಸದ ಚಿತ್ರಕ್ಕೂ ಪೂರಾ ಸಂಭಾವನೆ

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ವಾರವಿಡೀ ಬ್ಯಾಂಕಿನಲ್ಲೋ ಜವಳಿ ಮಳಿಗೆಯಲ್ಲೋ ದುಡಿದು ಭಾನುವಾರ ಕ್ಯಾಮೆರಾ ಹಿಡಿಯುವವರು ಪಳಗಿದ ರೂಪದರ್ಶಿಯೊಬ್ಬಳನ್ನು ಕರೆಸಬೇಕಾದರೆ, ಸಾಮಾನ್ಯವಾಗಿ ವ್ಯಾಪಾರಿಗಳು ಕೊಡುವ ದರವನ್ನೇ ಕೊಡಬೇಕಾಗುತ್ತದೆ. ತೆಗೆದ ಚಿತ್ರದಿಂದ ಅವರಿಗೆ ಬಿಡಿಗಾಸೂ ಹುಟ್ಟುವುದಿಲ್ಲ. ಆದರೂ ದರ ಇಳಿಯದಿರಲು ಕಾರಣ ಆಕೆಯ ದುಡಿಮೆಯ ಸ್ವರೂಪದಲ್ಲೇ ಇದೆ.

ಕೃತಕ ನೂಲಿನ ಸೀರೆಗಳಿಗೆ ಸೂರತ್ ದೇಶದ ದೊಡ್ಡ ಕೇಂದ್ರ. ಅಲ್ಲಿನ ರಿಂಗ್ ರೋಡಿನ ಸಗಟು ಮಾರುಕಟ್ಟೆಗಳ ಸೀರೆ ಬೆಂಗಳೂರಿನ ಚಿಕ್ಕಪೇಟೆಗೂ ಬರುತ್ತದೆ. ಸೀರೆಗಿಂತ ಮೊದಲೇ ಅಂಗಡಿಯವರ ಕೈಸೇರುವುದು ಕ್ಯಾಟಲಾಗ್. ಈಗೀಗ ವಾಟ್ಸ್‌ಆ್ಯಪ್ ಚಿತ್ರ. ಆ ಚಿತ್ರದ ಹಿಂದಿನ ಕೆಲಸ ಹಗುರದ್ದಲ್ಲ. ನೆರಿಗೆಗೂ ಹೆಗಲ ಮಡಿಕೆಗೂ ಪಿನ್ನು ಚುಚ್ಚಿ, ಸಡಿಲವಾದ ರವಿಕೆಯನ್ನು ಬೆನ್ನ ಹಿಂದೆ ಕ್ಲಿಪ್ಪು ಹಾಕಿ ಬಿಗಿಯುತ್ತಾರೆ. ಅಂಚು ಕಾಣುವಂತೆ ಒಂದು ಭಂಗಿ, ಸೆರಗು ಹರಡಿ ಇನ್ನೊಂದು. ಅಷ್ಟರಲ್ಲಿ ಮುಂದಿನ ಸೀರೆ ಸಿದ್ಧ. ಹೀಗೆ ಒಂದೇ ದಿನದಲ್ಲಿ ಹತ್ತಾರು ಸೀರೆ ಮುಗಿಯಬೇಕು. ಫ್ಲ್ಯಾಶ್ ಮಿಂಚಿದಂತೆಲ್ಲ, ಯಾರೂ ಹೇಳದಿದ್ದರೂ ಕೈ, ಕತ್ತು, ನೋಟ ಬದಲಾಗುತ್ತಿರಬೇಕು.

ಇಷ್ಟು ಪಳಗಿದವಳು ಮಾರುವುದು ತನ್ನ ದಿನವನ್ನು. ಅದನ್ನು ಹವ್ಯಾಸಿಗೆ ಕೊಟ್ಟರೆ ವ್ಯಾಪಾರಿಯ ಕೆಲಸ ತಪ್ಪುತ್ತದೆ. ಎರಡೇ ಗಂಟೆ ಸಾಕು ಎಂದರೂ ಪ್ರಯಾಣ, ಮೇಕಪ್ಪು ಸೇರಿ ಅರ್ಧ ದಿನ ಹೋಗಿಯೇ ಬಿಡುತ್ತದೆ. ಮೇಲಾಗಿ ಕ್ಯಾಟಲಾಗಿನ ಚಿತ್ರ ನಾಲ್ಕು ಜನರ ಕಣ್ಣಿಗೆ ಬಿದ್ದು ಮುಂದಿನ ಕೆಲಸ ತರುತ್ತದೆ. ಹವ್ಯಾಸಿಯ ಚಿತ್ರ ಬಹುಪಾಲು ಅವನ ಹಾರ್ಡ್ ಡಿಸ್ಕಿನಲ್ಲೇ ಉಳಿಯುತ್ತದೆ. ಗುರುತಿಲ್ಲದ ವ್ಯಕ್ತಿಯ ಮುಂದೆ ಒಬ್ಬಳೇ ನಿಲ್ಲುವ ಆತಂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜೊತೆಗೊಬ್ಬರನ್ನು ಕರೆತರುವುದು, ಉಡುಪು ಯಾವುದೆಂದು ಮೊದಲೇ ಮಾತಾಡಿಕೊಳ್ಳುವುದು ಆಕೆಯ ಹಕ್ಕು. ಪೂರಾ ಹಣ ಕೊಟ್ಟಲ್ಲಿ ಋಣದ ಮಾತೇ ಬರುವುದಿಲ್ಲ. ಬೇಡವೆನಿಸಿದ್ದನ್ನು ಬೇಡ ಎನ್ನಲು ಆಕೆಗೆ ಸಂಕೋಚವಿರುವುದಿಲ್ಲ. ಈ ಒಂದೇ ಕಾರಣಕ್ಕಾದರೂ ಚೌಕಾಸಿ ಸಲ್ಲದು.

ಹವ್ಯಾಸಿಗೂ ಇದು ನಷ್ಟದ ಬಾಬತ್ತಲ್ಲ. ಕಲಿಯುವವನೂ ಹೊಸಬ, ನಿಂತವಳೂ ಹೊಸಬಳಾದರೆ ಚಿತ್ರ ಕೆಟ್ಟಾಗ ತಪ್ಪು ಬೆಳಕಿನದೋ ಭಂಗಿಯದೋ ತಿಳಿಯುವುದಿಲ್ಲ. ನುರಿತವಳು ಮುಂದಿದ್ದರೆ ಕಲಿಯುವವನು ಬೆಳಕೊಂದರ ಮೇಲೆ ಮನಸ್ಸಿಡಬಹುದು. ಲಕ್ಷ ರೂಪಾಯಿಯ ಲೆನ್ಸಿಗಿಂತ ಇಂಥ ಒಂದು ಬೆಳಗು ಹೆಚ್ಚು ಕಲಿಸುತ್ತದೆ. ಖರ್ಚು ಭಾರವೆನಿಸಿದರೆ ನಾಲ್ಕೈದು ಮಂದಿ ಸೇರಿ ಸ್ಟುಡಿಯೋ ಬಾಡಿಗೆ, ಸಂಭಾವನೆ ಹಂಚಿಕೊಳ್ಳುತ್ತಾರೆ. ಹಣದ ಬದಲು ಚಿತ್ರಗಳನ್ನೇ ಕೊಡುವ ಒಪ್ಪಂದವೂ ಇದೆ. ಅದು ಆಲ್ಬಮ್ ಕಟ್ಟಿಕೊಳ್ಳಬೇಕಾದ ಹೊಸಬರಿಗೆ ಸರಿ.

ವಡೋದರಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1950ರಲ್ಲಿ ಲಲಿತಕಲಾ ವಿಭಾಗ ಆರಂಭವಾಯಿತು. ಇಂಥ ಕಲಾಶಾಲೆಗಳಲ್ಲಿ ವಿದ್ಯಾರ್ಥಿಗಳ ಚಿತ್ರಾಭ್ಯಾಸಕ್ಕೆ ಕೂರುವವರಿಗೆ ಹಣ ಕೊಡುವುದು ಹಳೆಯ ರೂಢಿ. ಆ ರೇಖಾಚಿತ್ರಗಳು ಮಾರಾಟವಾಗುತ್ತವೆಯೇ ಎಂದು ಯಾರೂ ಕೇಳುವುದಿಲ್ಲ. ಅಹಮದಾಬಾದಿನ ಛಾಯಾಗ್ರಾಹಕ ಪ್ರಾಣಲಾಲ್ ಪಟೇಲ್ 1937ರಲ್ಲಿ ಜ್ಯೋತಿ ಸಂಘ ಎಂಬ ಮಹಿಳಾ ಸಂಸ್ಥೆಗಾಗಿ ತೆಗೆದ ಚಿತ್ರಗಳ ಬಗೆ ಬೇರೆ. ಅಲ್ಲಿ ನಗರದ ಹೆಂಗಸರು ತಂತಮ್ಮ ಕೆಲಸದಲ್ಲಿ ತೊಡಗಿದ್ದಾರೆ. ಹಾಗಲ್ಲದೆ, ಕೆಲಸ ಬಿಡಿಸಿ ಕರೆಸಿದಾಗ ಆ ಹೊತ್ತಿನ ಬೆಲೆ ಕರೆಸಿದವರ ಮೇಲೆ ಬೀಳುತ್ತದೆ.

ಹಣ ಕೊಟ್ಟಮಾತ್ರಕ್ಕೆ ಚಿತ್ರವನ್ನು ಮನಬಂದಂತೆ ಬಳಸಬಹುದೆಂದು ತಿಳಿಯಬಾರದು. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮಿನಂತೆ ಸ್ವಾಮ್ಯ ಮೊದಲಿಗೆ ಚಿತ್ರ ತೆಗೆದವರದು. ಯಾರಾದರೂ ದುಡ್ಡು ಕೊಟ್ಟು ತೆಗೆಸಿಕೊಂಡಿದ್ದರೆ, ಬೇರೆ ಕರಾರಿಲ್ಲದಿದ್ದಲ್ಲಿ, ತೆಗೆಸಿದವರದು. ಹವ್ಯಾಸಿಯೇ ಹಣ ಕೊಟ್ಟಾಗ ಸ್ವಾಮ್ಯ ಅವನಲ್ಲೇ ಉಳಿಯುತ್ತದೆ. ಆದರೆ ಆ ಮುಖವನ್ನು ಜಾಹೀರಾತಿಗೆ ಬಳಸಲು ರೂಪದರ್ಶಿಯ ಲಿಖಿತ ಒಪ್ಪಿಗೆ ಪಡೆಯುವುದು ಕ್ರಮ. ನಾಳೆ ಸೀರೆ ವ್ಯಾಪಾರಿಯೊಬ್ಬ ಅದೇ ಚಿತ್ರ ಕೇಳಿಕೊಂಡು ಬಂದರೆ ಆಕೆಯೊಂದಿಗೆ ಹೊಸದಾಗಿ ಮಾತಾಡಬೇಕು, ಅದಕ್ಕೆ ಬೇರೆ ಸಂಭಾವನೆ ಕೊಡಬೇಕು.