ಆರಿದ್ರೆ ಮಂಕಾದ ಚಳಿಗಾಲ

ಆರಿದ್ರಾ ಮಳೆ ಸುರಿಯುವ ದಿನಗಳಲ್ಲಿ ಆರಿದ್ರಾ ನಕ್ಷತ್ರ ಕಾಣುವುದಿಲ್ಲ. ರೈತರ ಮಳೆಲೆಕ್ಕದಲ್ಲಿ ಆ ಮಳೆ ಹುಟ್ಟುವುದು ಜೂನ್ ಕೊನೆಯ ಭಾಗಕ್ಕೆ. ಸೂರ್ಯ ಆಗ ಆಕಾಶದ ಅದೇ ಭಾಗದಲ್ಲಿರುತ್ತಾನೆ. ಹಾಗಾಗಿ ಚುಕ್ಕಿ ಹಗಲಲ್ಲೇ ಹುಟ್ಟಿ ಹಗಲಲ್ಲೇ ಮುಳುಗುತ್ತದೆ. ಅದನ್ನು ನೋಡಬೇಕೆಂದರೆ ಮಳೆಗಳೆಲ್ಲ ಮುಗಿದು, ರಾಗಿ ಕೊಯ್ಲಾಗಿ, ಅವರೆಕಾಯಿಗೆ ಸೊಗಡು ಬರುವ ತನಕ ಕಾಯಬೇಕು. ಡಿಸೆಂಬರ್ ನಡುವಿನ ರಾತ್ರಿ ಎಂಟರ ಸುಮಾರಿಗೆ ಪೂರ್ವಕ್ಕೆ ಮುಖ ಮಾಡಿ ನಿಂತರೆ ಮಹಾವ್ಯಾಧ ನಕ್ಷತ್ರಪುಂಜದ ಸೊಂಟದ ಮೂರು ಚುಕ್ಕಿಗಳು ಒಂದರ ಮೇಲೊಂದು ನಿಂತು ಮೇಲೇರುತ್ತಿರುತ್ತವೆ. ಅವುಗಳ ಬಲಕ್ಕೆ ನೀಲಿಬಿಳುಪಿನ ರೈಜಲ್. ಎಡಕ್ಕೆ ಕೆಂಪು ಬೆರೆತ ಹಳದಿಯ ದೊಡ್ಡ ಚುಕ್ಕಿ. ಅದೇ ಆರಿದ್ರೆ, ಖಗೋಳ ಪುಸ್ತಕಗಳ ಬೆಟೆಲ್ಜ್ಯೂಸ್.

ನಾನು ನೋಡಲು ನಿಲ್ಲುವುದು ಬಯಲುಸೀಮೆಯ ಒಂದು ಹೊಲದ ಬದುವಿನಲ್ಲಿ. ಸುತ್ತ ಬೀದಿದೀಪವಿಲ್ಲ. ಕೆರೆಯ ಕಡೆಯಿಂದ ಟಿಟ್ಟಿಭ ಒಂದೆರಡು ಸಲ ಕೂಗಿ ಸುಮ್ಮನಾಗುತ್ತದೆ. ಹತ್ತು ಗಂಟೆಯ ನಂತರ ನೋಟ್‌ಬುಕ್ಕಿನ ಹಾಳೆ ಇಬ್ಬನಿಗೆ ಮೆತ್ತಗಾಗಿ ಪೆನ್ನು ಬರೆಯುವುದಿಲ್ಲ, ಪೆನ್ಸಿಲ್ ಬೇಕು. ಟಾರ್ಚಿನ ಗಾಜಿಗೆ ಕೆಂಪು ಕಾಗದ ಸುತ್ತಿರಬೇಕು, ಇಲ್ಲವಾದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಮತ್ತೆ ಮೊದಲಿನಿಂದ ಹೊಂದಿಕೊಳ್ಳಬೇಕಾಗುತ್ತದೆ. ಹೊಲ ಕಾಯಲು ಬಂದ ಅಜ್ಜ ಒಮ್ಮೆ ಕೇಳಿದ: "ಏನ್ ಸಾರ್, ಚುಕ್ಕಿ ಎಣಿಸ್ತಿದೀರಾ?" ಆರಿದ್ರೆಯನ್ನು ತೋರಿಸಿದೆ. ಬಹಳ ಹೊತ್ತು ನೋಡಿ, "ಇದ್ರ ಮಳೇನ ಇಷ್ಟು ವರ್ಷ ಕಂಡಿದೀನಿ, ಇದ್ನ ಇವತ್ತೇ ಕಂಡಿದ್ದು" ಅಂದ.

ಇಲ್ಲಿ ಮಾಡುವ ಕೆಲಸ ಸರಳ. ಆರಿದ್ರೆಯ ಬೆಳಕು ಏರುತ್ತದೆ, ಇಳಿಯುತ್ತದೆ. ಅದನ್ನು ಅಕ್ಕಪಕ್ಕದ ಚುಕ್ಕಿಗಳ ಜೊತೆ ಹೋಲಿಸಿ ಬರೆದಿಡುವುದು. ಕಾಂತಿಮಾನದ ಲೆಕ್ಕದಲ್ಲಿ ಅಂಕಿ ಕಡಿಮೆಯಾದಷ್ಟೂ ಚುಕ್ಕಿ ಪ್ರಖರ. ಐದು ಮೆಟ್ಟಿಲಿನ ಅಂತರವೆಂದರೆ ಬೆಳಕಿನಲ್ಲಿ ನೂರು ಪಟ್ಟು ವ್ಯತ್ಯಾಸ. ಈ ಅಳತೆಯನ್ನು 1856ರಲ್ಲಿ ಕಟ್ಟಿಕೊಟ್ಟ ನಾರ್ಮನ್ ಪೋಗ್ಸನ್ ಮುಂದೆ ಮದ್ರಾಸ್ ವೀಕ್ಷಣಾಲಯದ ಮುಖ್ಯಸ್ಥನಾಗಿ ಬಂದ. ರೈಜಲ್ 0.1, ಪ್ರೋಸಿಯಾನ್ 0.4, ರೋಹಿಣಿ 0.9, ವ್ಯಾಧನ ಇನ್ನೊಂದು ಭುಜದ ಬೆಲ್ಲಾಟ್ರಿಕ್ಸ್ 1.6. ಆರಿದ್ರೆ ಸಾಮಾನ್ಯವಾಗಿ ಪ್ರೋಸಿಯಾನ್ ಆಸುಪಾಸಿನಲ್ಲಿ ಇರುತ್ತದೆ.

ಸರಳವೆಂದರೂ ಕಣ್ಣಿಗೆ ಮೋಸವಾಗುವ ದಾರಿಗಳು ಬಹಳ. ದಿಗಂತದ ಹತ್ತಿರದ ಚುಕ್ಕಿಯ ಬೆಳಕು ಹೆಚ್ಚು ಗಾಳಿ, ಹೆಚ್ಚು ಧೂಳು ದಾಟಿ ಬರುವುದರಿಂದ ಮಂಕಾಗಿ ಕಾಣುತ್ತದೆ; ಒಂದೇ ಎತ್ತರದಲ್ಲಿರುವ ಚುಕ್ಕಿಗಳನ್ನೇ ಹೋಲಿಸಬೇಕು. ಕೆಂಪು ಚುಕ್ಕಿಯನ್ನು ದಿಟ್ಟಿಸುತ್ತ ನಿಂತರೆ ಅದು ಇರುವುದಕ್ಕಿಂತ ಪ್ರಖರವಾಗಿ ತೋರುತ್ತದೆ. ಬೇಗಬೇಗ ಕಣ್ಣು ಹಾಯಿಸಿ ತೀರ್ಮಾನಿಸಬೇಕು. ಬೆಳದಿಂಗಳು, ತೆಳುಮೋಡ, ಹೊಲಕ್ಕೆ ಇಟ್ಟ ಬೆಂಕಿಯ ಹೊಗೆ, ಎಲ್ಲವೂ ಲೆಕ್ಕ ಕೆಡಿಸುತ್ತವೆ. ಆದ್ದರಿಂದ ಚುಕ್ಕಿ ಮಂಕಾಗಿದೆ ಎನ್ನಿಸಿದಾಗ ಕಾರಣವನ್ನು ಹತ್ತಿರದಿಂದ ಹುಡುಕುತ್ತ ದೂರಕ್ಕೆ ಹೋಗಬೇಕು. ಮೊದಲು ನನ್ನ ಕಣ್ಣು, ಆಮೇಲೆ ಈ ಊರಿನ ಗಾಳಿ, ಕೊನೆಗೆ ನಕ್ಷತ್ರ. ದೊಡ್ಡ ದೂರದರ್ಶಕಗಳ ಮುಂದೆ ಕೂತವರು ಪಾಲಿಸುವುದೂ ಇದೇ ಕ್ರಮವನ್ನು.

2019ರ ಡಿಸೆಂಬರ್‌ನಲ್ಲಿ ಈ ಕ್ರಮಕ್ಕೆ ನಿಜವಾದ ಪರೀಕ್ಷೆ ಬಂತು. ಆ ತಿಂಗಳ 26ರಂದು ಕಂಕಣ ಸೂರ್ಯಗ್ರಹಣ. ಕೊಡಗಿನ ಕುಟ್ಟದ ಕಡೆ ಜನ ಕಿಕ್ಕಿರಿದು ನೆರೆದಿದ್ದರು. ಹಗಲಿನ ಆಕಾಶಕ್ಕೆ ಅಷ್ಟು ಕಣ್ಣುಗಳು. ಅವೇ ದಿನಗಳ ರಾತ್ರಿಯಲ್ಲಿ ಆರಿದ್ರೆ ರೋಹಿಣಿಗಿಂತ ಮಂಕಾಗಿ, ವ್ಯಾಧನ ಆಕಾರವೇ ಒಂದು ಕಡೆ ಕುಂದಿದಂತೆ ಕಾಣುತ್ತಿತ್ತು. ಅಮೆರಿಕದ ವಿಲನೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಗೈನನ್ ಮತ್ತು ಸಂಗಡಿಗರು ಡಿಸೆಂಬರ್‌ನಲ್ಲೇ ಖಗೋಳಜ್ಞರನ್ನು ಎಚ್ಚರಿಸಿದ್ದರು. ಫೆಬ್ರವರಿಯ ಹೊತ್ತಿಗೆ ಅದು 1.6ಕ್ಕೆ ಇಳಿದು ಬೆಲ್ಲಾಟ್ರಿಕ್ಸ್‌ಗೆ ಸರಿಸಮವಾಯಿತು. ಎಂದಿನ ಬೆಳಕಿನಲ್ಲಿ ಉಳಿದದ್ದು ಸುಮಾರು ಮೂರನೇ ಒಂದು ಪಾಲು. ಇದಕ್ಕೆ ದುರ್ಬೀನು ಬೇಕಿರಲಿಲ್ಲ, ಅಂಗಳದಿಂದಲೇ ಗೊತ್ತಾಗುತ್ತಿತ್ತು.

ಆಗ ಎದ್ದ ದೊಡ್ಡ ಸುದ್ದಿ: ಆರಿದ್ರೆ ಸಿಡಿಯಲಿದೆ. ಅದು ಎಂದೋ ಒಂದು ದಿನ ಸೂಪರ್‌ನೋವಾ ಆಗಿ ಸಿಡಿಯುವ ನಕ್ಷತ್ರವೆಂಬುದು ನಿಜ. ಸೂರ್ಯನ ಜಾಗದಲ್ಲಿ ಅದನ್ನಿಟ್ಟರೆ ಮಂಗಳನ ಕಕ್ಷೆಯನ್ನೂ ನುಂಗುವಷ್ಟು ಅದು ಉಬ್ಬಿದೆ. ಆದರೆ ಆ ದಿನಕ್ಕೆ ಒಂದು ಲಕ್ಷ ವರ್ಷವೂ ಬೇಕಾಗಬಹುದು. ಸಿಡಿಯುತ್ತದೆ ಎನ್ನುವ ಮೊದಲು ನೋಡಬೇಕಾದ ಹತ್ತಿರದ ಕಾರಣಗಳಿದ್ದವು. ಚಿಲಿಯ ವೆರಿ ಲಾರ್ಜ್ ಟೆಲಿಸ್ಕೋಪ್ ತೆಗೆದ ಚಿತ್ರಗಳಲ್ಲಿ ನಕ್ಷತ್ರದ ದಕ್ಷಿಣ ಭಾಗ ಮಾತ್ರ ಕಪ್ಪಿಟ್ಟಿತ್ತು. ಹಬಲ್ ದೂರದರ್ಶಕದ ನೇರಳಾತೀತ ದಾಖಲೆಯಲ್ಲಿ, ಮಂಕಾಗುವುದಕ್ಕೆ ಮುಂಚಿನ ತಿಂಗಳುಗಳಲ್ಲೇ ದಟ್ಟ ಅನಿಲವೊಂದು ಹೊರಕ್ಕೆ ಚಿಮ್ಮಿದ್ದನ್ನು ಆಂಡ್ರಿಯಾ ಡುಪ್ರೀ ಅವರ ತಂಡ ಕಂಡಿತು. ಚಿಮ್ಮಿದ ಅನಿಲ ತಣಿದು ಧೂಳಾಯಿತು, ಆ ಧೂಳು ನಮಗೂ ನಕ್ಷತ್ರಕ್ಕೂ ನಡುವೆ ಅಡ್ಡ ನಿಂತಿತು, ನಕ್ಷತ್ರದ ಮೇಲ್ಮೈಯ ಒಂದು ಭಾಗವೂ ತಣ್ಣಗಾಗಿತ್ತು. 2021ರ ಹೊತ್ತಿಗೆ ವಿಜ್ಞಾನಿಗಳು ಕಟ್ಟಿಕೊಟ್ಟ ವಿವರಣೆ ಇದು.

ಇದಕ್ಕೆ ಸಾಕ್ಷಿ ಹೇಳಿದವರಲ್ಲಿ ಒಂದು ಹವಾಮಾನ ಉಪಗ್ರಹವೂ ಇದೆ. ಜಪಾನಿನ ಹಿಮಾವಾರಿ-8 ಮೋಡ ನೋಡಲೆಂದು ಹಾರಿಸಿದ ಉಪಗ್ರಹ. ಹತ್ತು ನಿಮಿಷಕ್ಕೊಮ್ಮೆ ಅದು ತೆಗೆಯುವ ಭೂಮಿಯ ಚಿತ್ರದ ಅಂಚಿನ ಕತ್ತಲೆಯಲ್ಲಿ ಆಗಾಗ ಆರಿದ್ರೆಯೂ ಬಿದ್ದಿತ್ತು. ಜಪಾನಿನ ವಿಜ್ಞಾನಿಗಳು ಕೆಲವು ವರ್ಷಗಳ ಚಿತ್ರಗಳನ್ನು ಜಾಲಾಡಿ 2022ರಲ್ಲಿ ಪ್ರಕಟಿಸಿದ ಲೆಕ್ಕ, ಧೂಳು ಮತ್ತು ತಣಿವು ಎರಡೂ ಸೇರಿಯೇ ಬೆಳಕು ತಗ್ಗಿತೆಂದು ತೋರಿಸಿತು. ನಮ್ಮ ಕಣ್ಣಿಗೆ ಚುಕ್ಕಿ ಸಿಗದ ಮುಂಗಾರಿನ ದಿನಗಳಲ್ಲೂ, 2020ರಲ್ಲಿ, ಸೂರ್ಯನ ಸುತ್ತ ಬೇರೊಂದು ಕಡೆಯಿದ್ದ ನಾಸಾದ ಸ್ಟೀರಿಯೊ ನೌಕೆ ಆರಿದ್ರೆಯ ಮೇಲೆ ಕಣ್ಣಿಟ್ಟಿತ್ತು. ಆರಿದ್ರಾ ಮಳೆಯ ಕಾಲದಲ್ಲಿ ಆರಿದ್ರೆಯನ್ನು ನೋಡಲು ಭೂಮಿ ಬಿಟ್ಟೇ ಹೋಗಬೇಕು.

ಬೆಳಕು ತಗ್ಗಿತೆಂದರೆ ಏನೋ ಅಡ್ಡ ಬಂದಿರಬಹುದು ಎಂಬ ತರ್ಕ ಹಳೆಯದು. ಅದೇ ಡಿಸೆಂಬರ್ ರಾತ್ರಿ ತಲೆಯನ್ನು ಉತ್ತರಕ್ಕೆ ತಿರುಗಿಸಿದರೆ ಪರ್ಸಿಯಸ್ ನಕ್ಷತ್ರಪುಂಜದಲ್ಲಿ ಆಲ್ಗಾಲ್ ಸಿಗುತ್ತದೆ. 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಅದು 2.1ರಿಂದ 3.4ಕ್ಕೆ ಇಳಿದು, ಕೆಲವೇ ಗಂಟೆಗಳಲ್ಲಿ ಮತ್ತೆ ಏರುತ್ತದೆ. ಸಂಜೆ ನೋಡಿದ ಬೆಳಕು ನಡುರಾತ್ರಿಗೆ ಇಲ್ಲವೆಂದು ಬರೆಯುವಾಗ ಪೆನ್ಸಿಲ್ ತಾನಾಗಿ ನಿಲ್ಲುತ್ತದೆ. ಗಾಳಿ, ಮೋಡ, ಕಣ್ಣು ಎಲ್ಲವನ್ನೂ ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಕಿವಿ ಕೇಳಿಸದ ಹುಡುಗ ಜಾನ್ ಗುಡ್ರಿಕ್ 1782ರಿಂದ ಈ ಏರಿಳಿತವನ್ನು ಬರಿಗಣ್ಣಿನಲ್ಲಿ ಹಿಂಬಾಲಿಸಿದ. ಕಪ್ಪು ಕಾಯವೊಂದು ಆಲ್ಗಾಲ್‌ನ ಸುತ್ತ ತಿರುಗುತ್ತ ಅದನ್ನು ಮರೆಮಾಡುತ್ತಿರಬಹುದೆಂದು ಮರುವರ್ಷ ಸೂಚಿಸಿದ. ಆಗ ಅವನಿಗೆ ಇಪ್ಪತ್ತೂ ತುಂಬಿರಲಿಲ್ಲ, 21ಕ್ಕೆ ತೀರಿಕೊಂಡ. ಅವನು ಹೇಳಿದ್ದು ಸರಿಯೆಂದು ಜರ್ಮನಿಯ ಹರ್ಮನ್ ಫೋಗೆಲ್ ರೋಹಿತದ ಮೂಲಕ ತೋರಿಸಿದ್ದು 1889ರಲ್ಲಿ.

ನಮ್ಮ ದೇಶದಲ್ಲೂ ಇಂಥ ಕಾದು ನೋಡುವ ಕಣ್ಣುಗಳಿದ್ದವು. ಪೋಗ್ಸನ್ ಜೊತೆ ಮದ್ರಾಸಿನಲ್ಲಿ ದುಡಿದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ಆರ್ ರೆಟಿಕ್ಯುಲಿ ಎಂಬ, ಬೆಳಕು ಏರಿಳಿಯುವ ಚಂಚಲ ನಕ್ಷತ್ರವನ್ನು ಗುರುತಿಸಿದರು. 1874ರ ಶುಕ್ರ ಸಂಕ್ರಮಣವನ್ನು ಜನಸಾಮಾನ್ಯರಿಗೆ ವಿವರಿಸಲು ಕಿರುಹೊತ್ತಗೆಯನ್ನೂ ಬರೆದರು. ಸೂರ್ಯಬಿಂಬದ ಮೇಲೆ ಶುಕ್ರ ಕಪ್ಪುಚುಕ್ಕೆಯಾಗಿ ಹಾದುಹೋಗುವಾಗ ಸೂರ್ಯನ ಬೆಳಕು ಸಾವಿರದಲ್ಲಿ ಒಂದು ಪಾಲಿನಷ್ಟು ತಗ್ಗುತ್ತದೆ.

ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ನಡೆಸುವ ವೀಕ್ಷಣಾಲಯ ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿದೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ಮಸುಕು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಹಿಂದೂ ಮಹಾಸಾಗರದ ಮೇಲೆ ವಿಮಾನದಲ್ಲಿದ್ದ ಜೇಮ್ಸ್ ಎಲಿಯಟ್ ತಂಡಕ್ಕೆ, ಗ್ರಹ ಮುಚ್ಚುವುದಕ್ಕೆ ಮೊದಲೇ ನಕ್ಷತ್ರ ಹಲವು ಬಾರಿ ಕ್ಷಣಕಾಲ ಮಂಕಾದದ್ದು ಕಂಡಿತು. ಕಾವಲೂರಿನ ಒಂದು ಮೀಟರ್ ದೂರದರ್ಶಕವೂ ಅಂಥ ಮಂಕನ್ನು ದಾಖಲಿಸಿತ್ತು, ಜೆ. ಸಿ. ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ಅದನ್ನು ಮೊದಲಿಗೆ ಹೊಸ ಉಪಗ್ರಹವೆಂದು ವರದಿ ಮಾಡಿದ್ದರು. ಎಲ್ಲ ಕಡೆಯ ದಾಖಲೆಗಳನ್ನು ಒಟ್ಟಿಗಿಟ್ಟಾಗ ಅವು ಯುರೇನಸ್‌ನ ಬಳೆಗಳೆಂದು ತಿಳಿಯಿತು.

ಬೇರೆ ಸೂರ್ಯರ ಸುತ್ತಲಿನ ಗ್ರಹಗಳನ್ನು ಹುಡುಕುವ ಒಂದು ಮುಖ್ಯ ದಾರಿಯೂ ಹೀಗೆ ಬೆಳಕಿನ ಇಳಿತವನ್ನು ಗಮನಿಸುವುದೇ. 1999ರಲ್ಲಿ ಎಚ್‌ಡಿ 209458 ಎಂಬ ನಕ್ಷತ್ರದ ಬೆಳಕು ಅದರ ಗ್ರಹ ಅಡ್ಡ ಬಂದಾಗ ಸುಮಾರು ಶೇ 1.5ರಷ್ಟು ತಗ್ಗಿದ್ದು ಮೊದಲ ಸಲ ಅಳತೆಗೆ ಸಿಕ್ಕಿತು. ನಮ್ಮ ಭೂಮಿ ಸೂರ್ಯನ ಮುಂದೆ ಹಾದುಹೋಗುವುದನ್ನು ದೂರದಿಂದ ಯಾರಾದರೂ ನೋಡಿದರೆ ಅವರಿಗೆ ಕಾಣುವ ಇಳಿತ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದೂ ವರ್ಷಕ್ಕೊಮ್ಮೆ. 2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕ ಆಕಾಶದ ಒಂದೇ ತುಂಡಿನ ಒಂದೂವರೆ ಲಕ್ಷದಷ್ಟು ನಕ್ಷತ್ರಗಳನ್ನು ನಾಲ್ಕು ವರ್ಷ ಬಿಡದೆ ನೋಡಿತು. ಇಳಿತ ಒಂದು ಸಲ ಕಂಡರೆ ಸಾಲದು, ಅದೇ ಅಂತರದಲ್ಲಿ ಮೂರು ಸಲವಾದರೂ ಮರಳಿ ಬರಬೇಕು. ಭೂಮಿಯಂಥ ಗ್ರಹಕ್ಕೆ ಅದು ವರ್ಷಗಳ ಕಾಯುವಿಕೆ.

ಕೆಪ್ಲರ್ ನೋಡಿದ ಚುಕ್ಕಿಗಳಲ್ಲಿ ಒಂದರ ಬೆಳಕು ಯಾವ ಕ್ರಮವೂ ಇಲ್ಲದೆ, ಒಮ್ಮೆ ಶೇ 22ರವರೆಗೂ ತಗ್ಗಿತ್ತು. ಟ್ಯಾಬಿಯ ನಕ್ಷತ್ರವೆಂದು ಅದಕ್ಕೆ ಹೆಸರಾಯಿತು. ಅನ್ಯಲೋಕದವರು ಕಟ್ಟಿದ ಭಾರಿ ರಚನೆ ಅಡ್ಡ ಬಂದಿರಬಹುದೇ ಎಂದು 2015ರಲ್ಲಿ ಪತ್ರಿಕೆಗಳು ಬರೆದವು. ಮುಂದಿನ ಇಳಿತಗಳನ್ನು ಬಣ್ಣಬಣ್ಣದ ಸೋಸುಗಾಜು ಹಾಕಿ ನೋಡಿದಾಗ ಕೆಂಪಿಗಿಂತ ನೀಲಿ ಹೆಚ್ಚು ತಗ್ಗಿತ್ತು. ಗಟ್ಟಿ ವಸ್ತು ಎಲ್ಲ ಬಣ್ಣವನ್ನೂ ಒಂದೇ ಸಮ ತಡೆಯುತ್ತದೆ. ನುಣ್ಣನೆ ಧೂಳು ನೀಲಿಯನ್ನು ಹೆಚ್ಚು ತಡೆಯುತ್ತದೆ. ಅಲ್ಲಿಯೂ ಅಡ್ಡ ಬಂದದ್ದು ಧೂಳು.

ಗ್ರಹ ಸಿಕ್ಕ ಮೇಲೆ ಮುಂದಿನ ಪ್ರಶ್ನೆ, ಅಲ್ಲಿ ಜೀವವಿದೆಯೇ ಎಂಬುದು. ಆ ಹುಡುಕಾಟಕ್ಕೆ ಆರಿದ್ರೆಯಂಥ ದೈತ್ಯ ನಕ್ಷತ್ರದಿಂದ ಪ್ರಯೋಜನವಿಲ್ಲ. ಅದರ ಇಡೀ ಆಯಸ್ಸು ಒಂದು ಕೋಟಿ ವರ್ಷದ ಆಸುಪಾಸು. ಭೂಮಿ ಹುಟ್ಟಿ ಸೂಕ್ಷ್ಮಜೀವಿಗಳ ಖಚಿತ ಗುರುತು ಬೀಳುವ ಹೊತ್ತಿಗೆ ಅಂಥ ಹತ್ತಾರು ನಕ್ಷತ್ರಗಳು ಹುಟ್ಟಿ ಸಿಡಿಯಬಹುದು. ಅವು ಸಿಡಿದು ಚೆಲ್ಲುವ ಆಮ್ಲಜನಕ ಮುಂದೆ ಗ್ರಹಗಳಿಗೆ ಒದಗುತ್ತದೆ, ಅಷ್ಟೇ. ಆದ್ದರಿಂದ ವಿಜ್ಞಾನಿಗಳ ಕಣ್ಣು ಚಿಕ್ಕ, ತಣ್ಣನೆ, ದೀರ್ಘಾಯುಷಿ ನಕ್ಷತ್ರಗಳ ಮೇಲಿದೆ. ಕುಂಭ ರಾಶಿಯ ದಿಕ್ಕಿನಲ್ಲಿ ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1 ಅಂಥದೊಂದು. ಅದರ ಸುತ್ತ ಭೂಮಿಯ ಗಾತ್ರದ ಏಳು ಗ್ರಹಗಳಿವೆಯೆಂದು 2017ರಲ್ಲಿ ತಿಳಿಯಿತು. ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕಿನ ಒಂದಿಷ್ಟು ಪಾಲು ಗ್ರಹದ ವಾತಾವರಣದ ಮೂಲಕ ಸೋಸಿ ಬರುತ್ತದೆ. ಆ ಬೆಳಕಿನ ರೋಹಿತದಲ್ಲಿ ಯಾವ ಬಣ್ಣ ಕಾಣೆಯಾಗಿದೆ ಎಂಬುದರಿಂದ ಅಲ್ಲಿನ ಅನಿಲ ತಿಳಿಯುತ್ತದೆ. ಜೇಮ್ಸ್ ವೆಬ್ ದೂರದರ್ಶಕ ಈಗ ಮಾಡುತ್ತಿರುವುದು ಈ ಕೆಲಸ. ಏಳರಲ್ಲಿ ಅತಿ ಒಳಗಿನ ಗ್ರಹ ಹೊಮ್ಮಿಸುವ ಶಾಖವನ್ನೂ ಅದು ಅಳೆಯಿತು. ಹೇಳಿಕೊಳ್ಳುವಂಥ ವಾತಾವರಣ ಅಲ್ಲಿಲ್ಲವೆಂದು 2023ರಲ್ಲಿ ಗೊತ್ತಾಯಿತು. ಇಲ್ಲವೆಂದು ತಿಳಿದದ್ದೂ ಒಂದು ಟಿಪ್ಪಣಿಯೇ.

ಸಿಂಹ ರಾಶಿಯ ಕಡೆ 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದಲ್ಲಿ ಇದೇ ವೆಬ್ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡನ್ನು ಕಂಡಿತು. ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ, ಡೈಮೀಥೈಲ್ ಸಲ್ಫೈಡ್ ಎಂಬ ಅನಿಲದ ಸುಳಿವೂ ಇದೆಯೆಂದು 2023ರಲ್ಲಿ, ಮತ್ತಷ್ಟು ಒತ್ತಿ 2025ರಲ್ಲಿ ಹೇಳಿತು. ನಮ್ಮ ಕಡಲಲ್ಲಿ ಅದು ಮುಖ್ಯವಾಗಿ ಬರುವುದು ತೇಲುವ ಸೂಕ್ಷ್ಮಸಸ್ಯಗಳಿಂದ. ಅದೇ ದತ್ತಾಂಶವನ್ನು ಬೇರೆಯವರು ಮತ್ತೆ ಲೆಕ್ಕಹಾಕಿದಾಗ ಸುಳಿವು ಗಟ್ಟಿ ನಿಲ್ಲಲಿಲ್ಲ. ಜೀವದ ಸುಳಿವೇ ಇರದ 67ಪಿ ಧೂಮಕೇತುವಿನಲ್ಲೂ ಆ ಅನಿಲವಿದೆಯೆಂದು ರೊಸೆಟ್ಟಾ ನೌಕೆಯ ದಾಖಲೆಗಳಿಂದ ತಿಳಿದುಬಂದಿದೆ. ಮರಳಿನ ಮೇಲೆ ಮಸುಕಾದ ಹೆಜ್ಜೆಯೊಂದು ಸಿಕ್ಕಾಗ ಅನುಭವಸ್ಥ ಕಾಡುಗಾರ ಹುಲಿಯೆಂದು ಕೂಗುವುದಿಲ್ಲ. ಮೊದಲು ನಾಯಿ, ಆಮೇಲೆ ಕತ್ತೆಕಿರುಬ, ಆಮೇಲೆ ಚಿರತೆ ಎಂದು ಒಂದೊಂದನ್ನೇ ತಳ್ಳಿಹಾಕುತ್ತಾನೆ. ಅನ್ಯಲೋಕದ ಜೀವದ ವಿಷಯದಲ್ಲಿ ನಾವು ಇನ್ನೂ ಆ ತಳ್ಳಿಹಾಕುವ ಹಂತದಲ್ಲೇ ಇದ್ದೇವೆ. ಅದು ಸೋಲಲ್ಲ, ವಿಜ್ಞಾನ ನಡೆಯುವ ರೀತಿಯೇ ಅದು.

ಆರಿದ್ರೆಯ ಕಥೆಯೂ ಮುಗಿದಿಲ್ಲ. 2023ರ ಬೇಸಿಗೆಯ ಹೊತ್ತಿಗೆ ಅದು ಎಂದಿಗಿಂತ ಪ್ರಖರವಾಗಿ ಬೆಳಗಿತು. 2025ರಲ್ಲಿ ಹವಾಯಿಯ ಜೆಮಿನಿ ನಾರ್ತ್ ದೂರದರ್ಶಕ ಅದರ ತೀರಾ ಪಕ್ಕದಲ್ಲಿ ಚಿಕ್ಕ ಜೊತೆಗಾರ ನಕ್ಷತ್ರವಿರುವ ಕುರುಹನ್ನು ಚಿತ್ರದಲ್ಲಿ ಹಿಡಿಯಿತು. ಈ ನಕ್ಷತ್ರದ ಬೆಳಕಿನ ಏರಿಳಿತ ಬರೆಯಲು ಸಂಬಳದ ವಿಜ್ಞಾನಿಯೇ ಆಗಬೇಕಿಲ್ಲ. ಅಮೆರಿಕದ ಚಂಚಲ ನಕ್ಷತ್ರ ವೀಕ್ಷಕರ ಸಂಘ 1911ರಿಂದ ಜಗತ್ತಿನ ಹವ್ಯಾಸಿಗಳ ಕಣ್ಣಳತೆಗಳನ್ನು ಸೇರಿಸಿಟ್ಟುಕೊಂಡು ಬಂದಿದೆ. ವಿಜ್ಞಾನಿಗಳು ಅವನ್ನು ಬಳಸುತ್ತಾರೆ. ಬರುವ ಚಳಿಗಾಲದಲ್ಲಿ ಮನೆಯ ಮಾಳಿಗೆಗೋ ಊರ ಹೊರಗಿನ ಬಯಲಿಗೋ ಹೋಗಿ ಆರಿದ್ರೆಯನ್ನು ರೋಹಿಣಿಯ ಜೊತೆ, ಪ್ರೋಸಿಯಾನ್ ಜೊತೆ ಹೋಲಿಸಿ ನೋಡಿ. ಯಾವುದು ಹೆಚ್ಚು, ಎಷ್ಟು ಹೆಚ್ಚು ಎಂದು ಬರೆಯಿರಿ. ದಿನಾಂಕ, ಹೊತ್ತು, ಊರು, ಮೋಡ, ಬೆಳದಿಂಗಳು ಇವನ್ನೂ ಬಿಡದೆ ಬರೆಯಿರಿ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಅವರ ಕಣ್ಣು ನಮ್ಮದಕ್ಕಿಂತ ಚುರುಕು.